ಮಾತು ಬರೆದುಕೊಡದ ನಾಟಕ

(ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಇವತ್ತು ನನಗೆ ಕೊಟ್ಟ ವಿಷಯ ‘ತರಗತಿಯಲ್ಲಿ ಪಾತ್ರಾಭಿನಯ’. ಹೊಸ ಸಂಗತಿಯೇನಲ್ಲ. ಕನ್ನಡ ಪಾಠಗಳ ಕೊನೆಯ ಅಭ್ಯಾಸದಲ್ಲಿ, ಸಮಾಜ ವಿಜ್ಞಾನದ ಚಟುವಟಿಕೆಗಳಲ್ಲಿ, ತರಬೇತಿಗೆ ಹೋದಾಗ ಕೊಡುವ ಕೈಪಿಡಿಯಲ್ಲಿ, ಪಾಠವನ್ನು ನಾಟಕವಾಗಿ ಆಡಿಸಿ ಎಂಬ ಸೂಚನೆ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಆ ಸೂಚನೆ ಶಾಲೆಯ ಹೊಸ್ತಿಲು ದಾಟಿದ ಮೇಲೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಮಾಸ್ತರು ರಾತ್ರಿ ಕೂತು ಸಂಭಾಷಣೆ ಬರೆಯುತ್ತಾರೆ. ಓದಿನಲ್ಲಿ ಚುರುಕಾಗಿರುವ ನಾಲ್ಕೈದು ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಉಳಿದವರು ಕೈಕಟ್ಟಿ ಕೂತು ನೋಡುತ್ತಾರೆ. ಒಬ್ಬನಿಗೆ ನಡುವೆ ಮಾತು ಮರೆಯುತ್ತದೆ, ಮಾಸ್ತರು ಬಾಗಿಲ ಮರೆಯಿಂದ ಪಿಸುಗುಟ್ಟುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ರೂಪಣಾತ್ಮಕ ಮೌಲ್ಯಮಾಪನದ ವಹಿಯಲ್ಲಿ ಅಂಕ ಬೀಳುತ್ತದೆ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಕಲಿತದ್ದೇನು ಎಂದು ಕೇಳಿದರೆ, ಆ ನಾಲ್ಕೈದು ಮಕ್ಕಳು ಪಾಠವನ್ನು ಇನ್ನೊಮ್ಮೆ ಬಾಯಿಪಾಠ ಮಾಡಿದರು, ಅಷ್ಟೆ. ಪುಸ್ತಕದಲ್ಲಿದ್ದ ಉತ್ತರ ಈಗ ಅಂಗಿ ತೊಟ್ಟು ನಿಂತಿತು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮಕ್ಕಳಿಗೆ ಪಾರ್ಟು ಕೊಡಿ, ಮಾತು ಕೊಡಬೇಡಿ. ಮಾತನ್ನು ಅವರೇ ಹುಡುಕಿಕೊಳ್ಳಲಿ. ಹುಡುಕುವಾಗ ತಡವರಿಸಲಿ, ತಪ್ಪಲಿ, ಬೇಕಾದರೆ ಸುಮ್ಮನೆ ನಿಲ್ಲಲಿ. ಆ ತಡವರಿಕೆಯಲ್ಲೇ ಪಾಠವಿದೆ.

ನಮ್ಮ ಭಾಗದಲ್ಲಿ ಇದನ್ನು ಹೇಳುವುದು ಸ್ವಲ್ಪ ಕಷ್ಟ, ಯಾಕೆಂದರೆ ನಮಗೆ ನಾಟಕ ಗೊತ್ತು. ಗೊತ್ತಿರುವುದೇ ಇಲ್ಲಿ ತೊಡಕು. ಜಾತ್ರೆ ಬಂತೆಂದರೆ ಊರ ಹುಡುಗರು ಸೇರಿ ಒಂದು ಸಾಮಾಜಿಕ ನಾಟಕ ಕಟ್ಟದ ಹಳ್ಳಿ ಈ ಕಡೆ ಕಡಿಮೆ. ಅಚ್ಚಾದ ನಾಟಕದ ಪುಸ್ತಕ ತರುವುದು, ಪೇಟಿ ಮಾಸ್ತರನ್ನು ಗೊತ್ತುಮಾಡುವುದು, ಸ್ತ್ರೀಪಾತ್ರಕ್ಕೆ ಬೇರೆ ಊರಿನ ಕಲಾವಿದೆಯರನ್ನು ಕರೆಸುವುದು, ತಿಂಗಳುಗಟ್ಟಲೆ ರಾತ್ರಿ ತಾಲೀಮು, ಕೊನೆಗೆ ಬೆಳಗಾಗುವವರೆಗೆ ಪ್ರಯೋಗ. ಖಳನಾಯಕನ ಪಾರ್ಟು ಹಾಕಿದವನನ್ನು ಊರವರು ಆಮೇಲೆ ಎಷ್ಟೋ ವರ್ಷ ಅದೇ ಹೆಸರಿನಿಂದ ಕರೆಯುತ್ತಾರೆ. ಇದು ದೊಡ್ಡ ಆಸ್ತಿ. ನಮ್ಮ ಎಷ್ಟೋ ಮಾಸ್ತರುಗಳು ಸಭೆಯಲ್ಲಿ ಧೈರ್ಯವಾಗಿ ನಿಲ್ಲಲು ಕಲಿತದ್ದು ಅಲ್ಲಿಯೇ. ಆದರೆ ಆ ನಾಟಕ ಇರುವುದು ನೋಡುವವರಿಗಾಗಿ. ಪುಸ್ತಕದ ಮಾತು ಒಂದಕ್ಷರ ಬದಲಾದರೂ ಎದುರಿನ ಪಾತ್ರಧಾರಿ ಕಕ್ಕಾಬಿಕ್ಕಿ. ಮಾಸ್ತರು ಈ ತಾಲೀಮಿನ ಪದ್ಧತಿಯನ್ನೇ ಏಳನೆಯ ತರಗತಿಗೆ ತಂದಾಗ, ಶಾಲೆಯಲ್ಲೂ ನೋಡುವವರು ಮತ್ತು ಆಡುವವರು ಎಂಬ ಎರಡು ಪಂಗಡ ಹುಟ್ಟುತ್ತವೆ. ನಲವತ್ತು ಮಕ್ಕಳಲ್ಲಿ ಮೂವತ್ತೈದು ಮಂದಿ ನೋಡುವವರು. ಅವರು ಸಾಮಾನ್ಯವಾಗಿ ಯಾರ ಮನೆಯ ಮಕ್ಕಳು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ನಮ್ಮಲ್ಲೇ ಇನ್ನೆರಡು ಕಲೆಗಳಿವೆ. ತರಗತಿಗೆ ಬೇಕಾದದ್ದು ಅವುಗಳಲ್ಲಿದೆ ಎಂದು ನನ್ನ ನಂಬಿಕೆ.

ಮೊದಲನೆಯದು ದೊಡ್ಡಾಟದ ಸಾರಥಿ. ದೊಡ್ಡಾಟದಲ್ಲಿ ಹೊಸ ವೇಷ ರಂಗಕ್ಕೆ ಬಂದ ಕೂಡಲೇ ಕತೆ ಓಡುವುದಿಲ್ಲ. ಸಾರಥಿ ಅಡ್ಡ ನಿಲ್ಲುತ್ತಾನೆ. ನೀವು ಯಾರು, ಯಾವ ದೇಶದವರು, ತಂದೆತಾಯಿ ಯಾರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಕಿರೀಟ ಇಟ್ಟ ರಾಜನೂ ಅವನಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಸಾರಥಿಗೆ ಕಿರೀಟವಿಲ್ಲ, ಅಧಿಕಾರವಿಲ್ಲ, ಕೇಳುವ ಹಕ್ಕೊಂದಿದೆ. ರಾಜನನ್ನು ಗೇಲಿ ಮಾಡುವ ಸಲಿಗೆಯೂ ಇದೆ.

ಎರಡನೆಯದು ಹಗಲುವೇಷ. ಹಗಲುವೇಷದವರಿಗೆ ರಂಗಸ್ಥಳವಿಲ್ಲ, ಪರದೆಯಿಲ್ಲ, ಟಿಕೆಟ್ಟಿಲ್ಲ. ವೇಷ ಹಾಕಿ ನೇರ ಅಂಗಡಿಗೆ, ಮನೆಯಂಗಳಕ್ಕೆ ಬರುತ್ತಾರೆ. ಅಂಗಡಿಯವನು ಏನು ಹೇಳುತ್ತಾನೋ ಅದಕ್ಕೆ ತಕ್ಕ ಮಾತು ಅಲ್ಲೇ ಹುಟ್ಟಬೇಕು. ಒಂದು ಕ್ಷಣ ಆ ಅಂಗಡಿಯವನೂ ನಾಟಕದೊಳಗೆ ಬಂದುಬಿಡುತ್ತಾನೆ. ನೋಡುವವ ಯಾರು, ಆಡುವವ ಯಾರು ಎಂಬ ಗೆರೆ ಅಲ್ಲಿ ಅಳಿಸಿಹೋಗುತ್ತದೆ.

ಮಾತು ಬರೆದುಕೊಳ್ಳದ ವೇಷ ಒಂದು ಕಡೆ, ಕೇಳುತ್ತ ನಿಲ್ಲುವ ಸಾರಥಿ ಇನ್ನೊಂದು ಕಡೆ. ಶಿಕ್ಷಣದ ಪುಸ್ತಕಗಳು ದೊಡ್ಡ ದೊಡ್ಡ ಹೆಸರಿನಲ್ಲಿ ಹೇಳುವ ಪಾತ್ರಾಭಿನಯವೆಂದರೆ ಇವೆರಡರ ಕೂಟ.

ಹೊರಗಿನವರ ಮಾತನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅವರೂ ನಮ್ಮಂಥ ಶಾಲೆಯವರೇ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಸಾಂಪ್ಟಿಂಗ್ ಎಂಬ ಹಳ್ಳಿಯಲ್ಲಿ ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ ಎಂಬ ಮುಖ್ಯ ಶಿಕ್ಷಕಿ ಇದ್ದರು. 20ನೆಯ ಶತಮಾನದ ಮೊದಲ ದಶಕದಲ್ಲಿ ಅವರು ಇತಿಹಾಸ, ಭೂಗೋಳ ಎಲ್ಲವನ್ನೂ ಮಕ್ಕಳಿಂದ ಆಡಿಸಿಯೇ ಕಲಿಸಿದರು. ನಾಟಕ ಕಟ್ಟುವವರೂ ಮಕ್ಕಳೇ, ಆಡುವವರೂ ಅವರೇ, ಮತ್ತು ಆಡುವುದು ತಮಗಾಗಿ, ಹೊರಗಿನ ಪ್ರೇಕ್ಷಕರಿಗಾಗಿ ಅಲ್ಲ ಎಂಬುದು ಅವರ ಹಟ. ಆಮೇಲೆ ಬಂದವರು ಡೊರೊತಿ ಹೀತ್‌ಕೋಟ್, 1926ರಿಂದ 2011ರವರೆಗೆ ಬದುಕಿದವರು. 14ನೆಯ ವಯಸ್ಸಿಗೆ ಶಾಲೆ ಬಿಟ್ಟು ಯಾರ್ಕ್‌ಶೈರಿನ ಉಣ್ಣೆ ಗಿರಣಿಯಲ್ಲಿ ಮಗ್ಗಕ್ಕೆ ನಿಂತ ಹುಡುಗಿ. ನಾಟಕ ಕಲಿಯಲು ಹೊರಟಾಗ ಗಿರಣಿಯ ಯಜಮಾನ, ಅಲ್ಲಿ ಆಗದಿದ್ದರೆ ನಿನ್ನ ಮೂರು ಮಗ್ಗ ಇಲ್ಲೇ ಕಾದಿರುತ್ತವೆ ಎಂದನಂತೆ. ಅವರ ಬಗ್ಗೆ ಬಿಬಿಸಿ 1971ರಲ್ಲಿ ಮಾಡಿದ ಚಿತ್ರದ ಹೆಸರಿನಲ್ಲೇ ಆ ಕಾದಿರುವ ಮೂರು ಮಗ್ಗಗಳಿವೆ. ಆಕೆ ಮುಂದೆ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೇ ಶಿಕ್ಷಕಿಯಾದರು. ಅವರು ಮಾಡಿದ ದೊಡ್ಡ ಕೆಲಸವೆಂದರೆ ಮಾಸ್ತರನ್ನೂ ಪಾರ್ಟಿಗೆ ಎಳೆದದ್ದು. ಅದೂ ಹೆಚ್ಚಾಗಿ ಏನೂ ಗೊತ್ತಿಲ್ಲದವನ, ಅಧಿಕಾರವಿಲ್ಲದವನ, ಮಕ್ಕಳ ಸಹಾಯ ಬೇಡುವವನ ಪಾರ್ಟು. ಮಾಸ್ತರಿಗೆ ಗೊತ್ತಿಲ್ಲ ಎಂದಾದ ಕ್ಷಣ, ಗೊತ್ತುಮಾಡಿಕೊಳ್ಳುವ ಹೊಣೆ ಮಕ್ಕಳ ಮೇಲೆ ಬೀಳುತ್ತದೆ.

ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಗುಜರಾತಿಯಲ್ಲಿ ಬರೆದ ‘ದಿವಾಸ್ವಪ್ನ’ವನ್ನು ನಿಮ್ಮಲ್ಲಿ ಕೆಲವರಾದರೂ ಓದಿದ್ದೀರಿ. ನಾಲ್ಕನೆಯ ತರಗತಿಯನ್ನು ಪ್ರಯೋಗಕ್ಕೆ ಕೇಳಿ ಪಡೆದ ಒಬ್ಬ ಕಾಲ್ಪನಿಕ ಮಾಸ್ತರ ಕತೆ ಅದು. ಅಲ್ಲೂ ಕತೆ, ಆಟ, ನಾಟಕವೇ ಮುಂದೆ, ಪುಸ್ತಕ ಹಿಂದೆ. ನಮ್ಮ ರಾಜ್ಯದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಪ್ರಯೋಗ ನಡೆಸಿದರು. ಬಿ.ವಿ. ಕಾರಂತರು, ಪ್ರೇಮಾ ಕಾರಂತರು ಮಕ್ಕಳ ರಂಗಭೂಮಿಯನ್ನು ಗಂಭೀರ ಕೆಲಸವೆಂದು ತಿಳಿದು ಮಾಡಿದರು. ಮೈಸೂರಿನ ರಂಗಾಯಣದ ಚಿಣ್ಣರ ಮೇಳ ಬೇಸಿಗೆ ರಜೆಯನ್ನೇ ಬದಲಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ, ಸಣ್ಣ ಮಕ್ಕಳನ್ನು ಬೆಂಚಿನಿಂದ ನೆಲಕ್ಕೆ ಇಳಿಸಿತು. ಇವನ್ನೆಲ್ಲ ಬೇಗ ದಾಟುತ್ತಿದ್ದೇನೆ. ಇವು ಹೆಚ್ಚಾಗಿ ರಜೆಯ ಶಿಬಿರದವು, ಅಥವಾ ಒಂದರಿಂದ ಮೂರನೆಯ ತರಗತಿಯವು. ನನ್ನ ಚಿಂತೆ ಐದರಿಂದ ಎಂಟನೆಯ ತರಗತಿಯದು. 40 ನಿಮಿಷದ ಪೀರಿಯಡ್ಡಿನಲ್ಲಿ, ಪರದೆ ಬಣ್ಣ ಏನೂ ಇಲ್ಲದೆ, ಮುಗಿಸಲೇಬೇಕಾದ ಪಾಠದ ನಡುವೆ ಏನು ಮಾಡಬಹುದು?

ಎರಡು ಉದಾಹರಣೆಗಳನ್ನು ಬಿಡಿಸಿ ಹೇಳುತ್ತೇನೆ. ಎರಡೂ ಇದೇ ನೆಲದವು.

ಒಂದು ಸುರಪುರದ್ದು. ರಾಜಾ ವೆಂಕಟಪ್ಪ ನಾಯಕನ ಹೆಸರು ಇಲ್ಲಿಯ ಮಕ್ಕಳಿಗೆ ಗೊತ್ತು. ವೃತ್ತಕ್ಕೆ, ಶಾಲೆಗೆ, ಸಂಘಕ್ಕೆ ಆ ಹೆಸರಿದೆ. ಗುಡ್ಡದ ಮೇಲಿನ ಟೇಲರ್ ಮಂಜಿಲನ್ನೂ ಅವರು ನೋಡಿದ್ದಾರೆ. ಕತೆಯ ಎಲುಬು ಇಷ್ಟು. ಹುಡುಗ ಇನ್ನೂ ಚಿಕ್ಕವನಿರುವಾಗ ತಂದೆ ತೀರಿಕೊಂಡ. 1840ರ ದಶಕದ ಆರಂಭದಲ್ಲಿ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. ಹುಡುಗ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಟೇಲರನೇ ಬರೆದುಕೊಂಡಿದ್ದಾನೆ. ಹುಡುಗನ ತಾಯಿ ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಅಷ್ಟಾಗಿ ಸರಿಬರಲಿಲ್ಲ. 1853ರಲ್ಲಿ ರಾಜನ ಕೈಗೆ ಅಧಿಕಾರ ಬಂತು, ಟೇಲರ್ ಹೊರಟ. ಐದು ವರ್ಷ ಕಳೆಯುವುದರೊಳಗೆ, 1858ರ ಫೆಬ್ರುವರಿಯಲ್ಲಿ, ಸುರಪುರದ ಬೇಡ ಪಡೆ ಇಂಗ್ಲಿಷ್ ದಂಡಿನ ಎದುರು ನಿಂತಿತು. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸಿಕ್ಕಿಬಿದ್ದ. ಮೊದಲು ಮರಣದಂಡನೆ, ಆಮೇಲೆ ಅದು ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷದ ಸೆರೆಯಾಯಿತು. ಮದರಾಸಿನ ಕಡೆ ಒಯ್ಯುವಾಗ ದಾರಿಯಲ್ಲಿ ಗುಂಡಿನಿಂದ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡ ಎಂದು ಟೇಲರ್ ಬರೆದ. ಕೊಂದರು ಎಂದು ಈ ನಾಡಿನ ಬಹಳ ಜನ ನಂಬುತ್ತಾರೆ. 1860ರಲ್ಲಿ ಸುರಪುರ ನಿಜಾಮನಿಗೆ ಹೋಯಿತು.

ಇದನ್ನು ನಾಟಕ ಮಾಡಿ ಎಂದರೆ ನಾವೇನು ಮಾಡುತ್ತೇವೆ? ಒಬ್ಬ ಎತ್ತರದ ಹುಡುಗನಿಗೆ ಪೇಟ ಸುತ್ತಿ, ಕಟ್ಟಿಗೆಯ ಕತ್ತಿ ಕೊಟ್ಟು, ಆಂಗ್ಲರೇ ತೊಲಗಿ ಎಂದು ಗುಡುಗಿಸುತ್ತೇವೆ. ಆಗಸ್ಟ್ 15ಕ್ಕೆ ಅದು ಸರಿ. ತರಗತಿಗೆ ಬೇರೆ ದಾರಿ ಇದೆ.

ಮೊದಲ ದಿನ ಯಾರೂ ರಾಜನಲ್ಲ. ಎಲ್ಲ ಮಕ್ಕಳೂ ಸುರಪುರ ಪೇಟೆಯ ಜನ. ಐದಾರು ಮಂದಿ ಬೇಡ ಸೈನಿಕರ ಮನೆಯವರು, ಐದಾರು ಮಂದಿ ವ್ಯಾಪಾರಿಗಳು, ಕೆಲವರು ರೈತರು, ಕೆಲವರು ನೇಕಾರರು. ಮಾಸ್ತರು ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡರೆ ಓಡಿಬಂದ ಸುದ್ದಿಗಾರ. ಲಿಂಗಸುಗೂರಿನ ಕಡೆಯಿಂದ ದಂಡು ಹೊರಟದ ಅಂತ್ರೀ, ಇವತ್ತು ರಾತ್ರಿಗೆ ಮುಟ್ಟತಾರಂತ, ನೀವು ಏನ ಮಾಡ್ತೀರಿ? ಟವೆಲ್ ತೆಗೆದರೆ ಮತ್ತೆ ಮಾಸ್ತರು. ಇಷ್ಟೇ ವೇಷಭೂಷಣ. ಗುಂಪುಗಳು ತಮ್ಮೊಳಗೆ ಮಾತಾಡಿ ಬಂದು ಹೇಳಬೇಕು. ವ್ಯಾಪಾರಿ ಗುಂಪು ಸಾಮಾನು ಗಾಡಿಗೆ ಏರಿಸೋಣ ಎನ್ನಬಹುದು. ಸೈನಿಕನ ಮನೆಯ ಹೆಂಗಸು ಗಂಡನನ್ನು ಕಳಿಸುತ್ತಾಳೋ ತಡೆಯುತ್ತಾಳೋ, ಅದನ್ನು ಆ ಪಾರ್ಟು ಹಾಕಿದ ಹುಡುಗಿ ಹೇಳಬೇಕು, ನಾವು ಹೇಳಬಾರದು. ದಂಗೆ ಎಂಬುದು ಪುಸ್ತಕದ ಒಂದು ಸಾಲಾಗಿತ್ತು. ಈಗ ಅದಕ್ಕೆ ಪೇಟೆಯಷ್ಟು ಮನಸ್ಸುಗಳು ಬಂದವು. ಹದಿನೈದು ನಿಮಿಷ ಸಾಕು. ಉಳಿದ ಹೊತ್ತಿನಲ್ಲಿ ಪುಸ್ತಕ ತೆರೆಯಿರಿ. ಆ ಪುಟವನ್ನು ಮಕ್ಕಳು ಎಷ್ಟು ಆತುರದಿಂದ ಓದುತ್ತಾರೆ ಎಂಬುದನ್ನು ನೀವೇ ನೋಡಿ.

ಎರಡನೆಯ ದಿನ ಸಾರಥಿಯ ಆಟ. ಮುಂದೆ ಒಂದು ಕುರ್ಚಿ. ಅದರಲ್ಲಿ ಟೇಲರ್. ಇಬ್ಬರು ಮೂವರು ಮಕ್ಕಳು ಹಿಂದಿನ ದಿನವೇ ಒಂದು ಪುಟದ ಸಾರಾಂಶ ಓದಿಕೊಂಡು ಬಂದಿರಬೇಕು. ಸರದಿಯ ಮೇಲೆ ಕೂರಬಹುದು. ಉಳಿದವರೆಲ್ಲ ಸಾರಥಿಗಳು. ನೀನು ಯಾರು, ಎಲ್ಲಿಂದ ಬಂದಿ, ಇಲ್ಲಿ ನಿನ್ನ ಕೆಲಸವೇನು? ಹುಡುಗನನ್ನು ಮಗನಂತೆ ಸಾಕಿದೆ ಅಂತಿ, ಅವನ ರಾಜ್ಯ ಯಾಕ ಉಳಿಸಲಿಲ್ಲ? ಇಂಥ ಪ್ರಶ್ನೆಗಳು ಬರಬೇಕು, ಬರುತ್ತವೆ. ಎಂಟನೆಯ ತರಗತಿಯ ಮಕ್ಕಳಾದರೆ ಒಂದು ಪ್ರಶ್ನೆಯ ಹತ್ತಿರ ಅವರನ್ನು ಮೆಲ್ಲಗೆ ತರಬೇಕು: ರಾಜ ಸತ್ತಾಗ ನೀನು ಅಲ್ಲಿ ಇದ್ದಿಯೇನು? ಕುರ್ಚಿಯಲ್ಲಿ ಕೂತವನು ಇಲ್ಲ ಎನ್ನಬೇಕಾಗುತ್ತದೆ, ಯಾಕೆಂದರೆ ಟೇಲರ್ ಅಲ್ಲಿರಲಿಲ್ಲ. ಹಾಗಾದರೆ ನಿನಗೆ ಹೇಳಿದವರಾರು? ಅವರನ್ನು ಯಾಕೆ ನಂಬಿದೆ? ಆಕರ, ಸಾಕ್ಷ್ಯ, ಪಕ್ಷಪಾತ ಎಂದು ನಾವು ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಸುವುದೆಲ್ಲ ಈ ಮೂರು ಪ್ರಶ್ನೆಗಳಲ್ಲಿದೆ. ಆಮೇಲೆ ಅದೇ ಕುರ್ಚಿಗೆ ಕೊಂದರು ಎಂದು ಹೇಳುವ ಊರ ಹಿರಿಯನನ್ನೂ ಕೂರಿಸಿ, ಅವನನ್ನೂ ಅದೇ ಪ್ರಶ್ನೆ ಕೇಳಿ. ಇದು ಮುಖ್ಯ. ಸಾರಥಿ ಟೇಲರನನ್ನು ಮಾತ್ರ ಕೇಳಿ ನಮ್ಮವರನ್ನು ಬಿಟ್ಟರೆ ಅವನು ಸಾರಥಿಯಲ್ಲ, ವಕೀಲ.

ತೀರ್ಪು ಕೊಡಬೇಡಿ. ಮಕ್ಕಳು ಮನೆಗೆ ಹೋಗಿ ಮುತ್ತ್ಯಾನನ್ನು ಕೇಳಲಿ.

ಇನ್ನೊಂದು ಉದಾಹರಣೆ ನೀರಿನದು. ಇಲ್ಲಿಂದ ಮೇಲಕ್ಕೆ ನಾರಾಯಣಪುರದ ಬಸವಸಾಗರ. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಮತ್ತು ಅದರ ಶಾಖಾ ಕಾಲುವೆಗಳು ಶಹಾಪುರ, ಜೇವರ್ಗಿ, ಇಂಡಿಯ ತನಕ ಚಾಚಿವೆ. ಯೋಜನೆ ರೂಪಿಸಿದಾಗ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಾಗಿ ಕಡಿಮೆ ನೀರಿನ ಬೆಳೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ತುದಿಯ ಹೊಲಕ್ಕೆ ನೀರು ಮುಟ್ಟದೆ ಪ್ರತಿಭಟನೆ, ರಸ್ತೆ ತಡೆ, ನೀರಾವರಿ ಸಲಹಾ ಸಮಿತಿಯ ಸಭೆ, ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ವಾರಾಬಂದಿ. ಇದು ನಮ್ಮ ಮಕ್ಕಳು ಊಟ ಮಾಡುವಾಗ ದಿನಾ ಕೇಳುವ ಮಾತು. ಆದರೆ ವಿಜ್ಞಾನದ, ಗಣಿತದ, ಸಮಾಜದ ಯಾವ ಪೀರಿಯಡ್ಡಿನಲ್ಲೂ ಈ ಮಾತು ಏಳುವುದಿಲ್ಲ.

ತರಗತಿಯನ್ನು ಮೂರು ಸಾಲು ಮಾಡಿ: ಮೇಲಿನವರು, ನಡುವಿನವರು, ತುದಿಯವರು. ಒಬ್ಬನಿಗೆ ಒಂದು ಪಾರ್ಟು ಅಲ್ಲ, ಒಂದು ಸಾಲಿಗೇ ಒಂದು ಪಾರ್ಟು. ನೂರು ತೊಗರಿ ಕಾಳು ನೀರಿನ ಲೆಕ್ಕಕ್ಕೆ. ಆಟದ ಕಟ್ಟಳೆ ನೀವೇ ಮಾಡಿಕೊಳ್ಳಿ: ಭತ್ತದ ಒಂದು ಎಕರೆಗೆ ಐದು ಕಾಳು, ಹತ್ತಿಗೆ ಎರಡು, ತೊಗರಿಗೆ ಒಂದು, ಭತ್ತ ಬೆಳೆದವನಿಗೆ ಆದಾಯ ಹೆಚ್ಚು. ಮೊದಲ ಸುತ್ತಿನಲ್ಲಿ ಕಟ್ಟಳೆ ಬೇರೇನೂ ಇಲ್ಲ, ಕಾಳಿನ ತಟ್ಟೆ ಮೇಲಿನ ಸಾಲಿನಿಂದ ಕೆಳಕ್ಕೆ ಹೋಗುತ್ತದೆ, ಅಷ್ಟೆ. ತಟ್ಟೆ ತುದಿಯ ಸಾಲಿಗೆ ಬರುವಷ್ಟರಲ್ಲಿ ಖಾಲಿ. ಗಲಾಟೆ ಏಳುತ್ತದೆ. ಏಳಲಿ. ಆಗ ಮಾಸ್ತರು ಟವೆಲ್ ಹಾಕಿಕೊಂಡು ಗೇಟು ತಿರುಗಿಸುವ ಕೆಲಸಗಾರನಾಗಬೇಕು. ಎಂಜಿನಿಯರ್ ಆಗಬೇಡಿ, ಶಾಸಕರಂತೂ ಆಗಲೇಬೇಡಿ. ನಾ ಬರೇ ಗೇಟ ತಿರುಗ್ಸಾಂವ್ರೀ, ಮ್ಯಾಲಿನವ್ರು ಹೇಳ್ದಂಗ ಮಾಡ್ತೀನಿ, ನೀವೇ ಏನರ ಬರದು ಕೊಡ್ರಿ. ಈ ಒಂದು ಮಾತಿನಿಂದ ಮಕ್ಕಳಿಗೆ ಮೂರು ಕೆಲಸ ಬೀಳುತ್ತವೆ. ತುದಿಯವರು ಮನವಿ ಬರೆಯಬೇಕು: ಕನ್ನಡದ ಪತ್ರಲೇಖನ. ಎಷ್ಟು ದಿನ ಬಿಡಬೇಕು, ಎಷ್ಟು ದಿನ ನಿಲ್ಲಿಸಬೇಕು ಎಂದು ಕಾಳು ಎಣಿಸಿ ಹಂಚಬೇಕು: ಭಾಗಾಕಾರ, ಅನುಪಾತ. ಮೇಲಿನವರೂ ತಮ್ಮ ಕಡೆಯ ಮಾತು ಹೇಳಬೇಕು: ಗದ್ದೆಗೆ ಸಾಲ ಮಾಡಿದ್ದೇವೆ, ನಡುವೆ ನೀರು ನಿಂತರೆ ಬೆಳೆ ಒಣಗುತ್ತದೆ, ನಮ್ಮ ಗತಿ ಏನು? ನಿಜವಾಗಿ ಮೇಲ್ಭಾಗದಲ್ಲಿ ಹೊಲ ಇರುವ ಮನೆಯ ಹುಡುಗನನ್ನು ತುದಿಯ ಸಾಲಿನಲ್ಲಿ ಕೂರಿಸಿ, ತುದಿಯ ಹುಡುಗನನ್ನು ಮೇಲೆ ಕೂರಿಸಿ. ಅವನ ಬಾಯಲ್ಲಿ ಅವನ ವೈರಿಯ ವಾದ ಬರುವ ಹೊತ್ತಿನಲ್ಲಿ ತರಗತಿ ಹೇಗಿರುತ್ತದೆ ಎಂದು ನಾನು ವರ್ಣಿಸುವುದಿಲ್ಲ.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಮಕ್ಕಳು ಮನೆಯಲ್ಲಿ ಆಡುವ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ನಡುವೆ ಬಹಳ ದೂರವಿದೆ. ತಾಂಡಾದ ಮಕ್ಕಳಿಗೆ, ಮನೆಯಲ್ಲಿ ಉರ್ದು ಅಥವಾ ತೆಲುಗು ಆಡುವ ಮಕ್ಕಳಿಗೆ ಇನ್ನೂ ದೂರ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳು ಎಂದಾಗ ಅವರ ಬಾಯಿ ಕಟ್ಟುವುದು ಉತ್ತರ ಗೊತ್ತಿಲ್ಲವೆಂದಲ್ಲ, ಆ ಕನ್ನಡ ಬರುವುದಿಲ್ಲವೆಂದು. ಪಾರ್ಟು ಹಾಕಿದಾಗ ಮಾತ್ರ ಆ ಮನೆಯ ಮಾತಿಗೆ ಶಾಲೆಯಲ್ಲಿ ಮರ್ಯಾದೆ ಸಿಗುತ್ತದೆ. ಕಾಲುವೆಯ ತುದಿಯ ರೈತ ಪುಸ್ತಕದ ಕನ್ನಡ ಆಡಿದರೆ ಸುಳ್ಳಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ನಮ್ಮ ಹೊಲಕ ಹನಿ ನೀರ ಮುಟ್ಟಿಲ್ರೀ ಸಾಹೇಬ್ರ ಎಂದು ಅವನು ನಿಸ್ಸಂಕೋಚವಾಗಿ ಹೇಳುತ್ತಾನೆ. ಹತ್ತು ನಿಮಿಷದ ಮೇಲೆ ಮನವಿ ಪತ್ರ ಬರೆಯುವಾಗ ಅದೇ ಮಗುವಿಗೆ ಪುಸ್ತಕದ ಕನ್ನಡ ಬೇಕಾಗುತ್ತದೆ, ಯಾಕೆಂದರೆ ಪತ್ರ ಕಚೇರಿಗೆ ಹೋಗುವುದು. ಎರಡೂ ಕನ್ನಡ ಅವನ ಕೈಯಲ್ಲಿರಬೇಕು. ಪಾತ್ರಧಾರಿಯ ಉಚ್ಚಾರಣೆಯನ್ನು ನಡುವೆ ತಿದ್ದುವ ಮಾಸ್ತರು ಈ ಇಡೀ ಕೆಲಸವನ್ನು ಒಂದೇ ಏಟಿಗೆ ಕೆಡಿಸುತ್ತಾರೆ.

ಸಣ್ಣ ತರಗತಿಗಳಲ್ಲಿ ಮಕ್ಕಳ ಸಂತೆ ಎಲ್ಲ ಕಡೆ ನಡೆಯುತ್ತಿದೆ. ಸೊಪ್ಪು, ಬದನೆಕಾಯಿ, ಚುರುಮುರಿ ಮಾರುತ್ತಾರೆ, ತೂಕ, ಚಿಲ್ಲರೆ ಕಲಿಯುತ್ತಾರೆ. ಒಳ್ಳೆಯದೇ. ಅದಕ್ಕೊಂದು ಸಾರಥಿ ಪ್ರಶ್ನೆ ಸೇರಿಸಿ ಸಾಕು: ಸಂಜೆ ಉಳಿದ ಸೊಪ್ಪನ್ನು ಏನು ಮಾಡುತ್ತೀ?

ಈಗ ಎಚ್ಚರಿಕೆಯ ಮಾತು. ಯಾರು ಯಾವ ಪಾರ್ಟು ಹಾಕುತ್ತಾರೆ? ನಮ್ಮ ಶಾಲಾ ವಾರ್ಷಿಕೋತ್ಸವಗಳನ್ನು ನೆನಪಿಸಿಕೊಳ್ಳಿ. ಬಣ್ಣ ಬೆಳ್ಳಗಿರುವ, ಬಟ್ಟೆ ತರಿಸಿಕೊಡಬಲ್ಲ ಮನೆಯ ಹುಡುಗ ರಾಜನಾಗುತ್ತಾನೆ. ಇನ್ನೊಬ್ಬ ಚಾಮರ ಹಿಡಿಯುತ್ತಾನೆ. ಅವನ ಅಪ್ಪನೂ ಊರಲ್ಲಿ ಅದನ್ನೇ ಮಾಡುತ್ತಿರುತ್ತಾನೆ. ನಾಟಕ ಊರಿನ ಮೆಟ್ಟಿಲುಗಳನ್ನು ಹಾಗೇ ಎತ್ತಿ ವೇದಿಕೆಯ ಮೇಲೆ ಇಟ್ಟಿತು. ಚೀಟಿ ಎತ್ತಿಸಿದರೆ ನ್ಯಾಯವಾಯಿತು ಎಂದು ಕೆಲವರು ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಊಳಿಗದವನ ಚೀಟಿ ಯಾವ ಮಗುವಿಗೆ ಬಂದರೆ ತರಗತಿ ನಗುತ್ತದೆ, ಯಾವ ಮಗುವಿಗೆ ಬಂದರೆ ನಗುವುದಿಲ್ಲ ಎಂಬುದು ನಿಮಗೆ ತಿಳಿದೇ ಇದೆ. ಅದಕ್ಕಾಗಿಯೇ ಗುಂಪಿಗೆ ಒಂದು ಪಾರ್ಟು ಎಂದೆ. ಹತ್ತು ಮಂದಿ ಒಟ್ಟಿಗೆ ಊಳಿಗದವರಾದಾಗ ಅದು ಯಾರೊಬ್ಬರ ಬೆನ್ನಿಗೂ ಅಂಟುವುದಿಲ್ಲ.

ಮಗುವಿನ ಸ್ವಂತ ಗಾಯವನ್ನು ಪಾರ್ಟು ಮಾಡಬೇಡಿ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ತಂದೆತಾಯಿಯ ಜೊತೆ ಗುಳೆ ಹೋಗಿ ಬಂದವರು: ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಡಿ ತಿಂಗಳುಗಟ್ಟಲೆ ಇದ್ದವರು. ಹತ್ತಿ ಬಿಡಿಸುವ ಕಾಲಕ್ಕೆ ಬೆಂಚು ಖಾಲಿ ಬಿಡುವವರು. ಗುಳೆಯ ಬಗ್ಗೆ ಆಟ ಆಡಿಸುವಾಗ ಅಂಥ ಹುಡುಗನನ್ನೇ ಗುಳೆ ಹೋದ ಹುಡುಗನನ್ನಾಗಿ ನಿಲ್ಲಿಸಿ ಅಳಿಸಿದರೆ ಅದು ಪಾಠವಲ್ಲ. ಅವನಿಗೆ ಜಾಣನ ಪಾರ್ಟು ಕೊಡಿ. ತರಗತಿ ಮೊದಲ ಸಲ ನಗರಕ್ಕೆ ಹೊರಟ ಗುಂಪು. ಅವನು ದಾರಿ ಬಲ್ಲವನು. ರೈಲು ಎಲ್ಲಿ ಬದಲಿಸಬೇಕು, ಕೂಲಿ ಲೆಕ್ಕ ಯಾರು ಬರೆಯುತ್ತಾರೆ, ನೀರು ಎಲ್ಲಿ ಸಿಗುತ್ತದೆ, ಅವನು ಹೇಳಲಿ, ಉಳಿದವರು ಬರೆದುಕೊಳ್ಳಲಿ. ಹಾಜರಿ ಪುಸ್ತಕದಲ್ಲಿ ಆ ಮೂರು ತಿಂಗಳು ಗೈರು ಎಂದಿದೆ. ಆಟದಲ್ಲಿ ಅದೇ ಮೂರು ತಿಂಗಳು ಅವನ ವಿದ್ಯೆ.

ಬಾಲ್ಯವಿವಾಹದ ವಿಷಯಕ್ಕೂ ಇದೇ ನಿಯಮ. ಮದುಮಗಳ ಪಾರ್ಟು ಬೇಡವೇ ಬೇಡ. ಅಕ್ಕನ ಮದುವೆ ಕಳೆದ ವರ್ಷವಷ್ಟೇ ಆಗಿರುವ ಹುಡುಗಿ ತರಗತಿಯಲ್ಲಿರಬಹುದು. ಇದಕ್ಕೆ ಬೇರೊಂದು ದಾರಿ ಇದೆ. ಬ್ರೆಜಿಲಿನ ಅಗಸ್ಟೋ ಬೋಅಲ್ ಎಂಬ ರಂಗಕರ್ಮಿ 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡಿದವರು. ಅನ್ಯಾಯದ ಒಂದು ದೃಶ್ಯ ತೋರಿಸಿ, ಅದನ್ನು ಮತ್ತೆ ಆಡುವಾಗ ನೋಡುವವರಲ್ಲಿ ಯಾರಾದರೂ ನಿಲ್ಲಿಸಿ ಎಂದು ಕೂಗಿ ತಾವೇ ಆ ಜಾಗಕ್ಕೆ ಬಂದು ಬೇರೆ ರೀತಿ ಮಾಡಿ ತೋರಿಸುವ ಕ್ರಮವನ್ನು ಅವರು ಬೆಳೆಸಿದರು. ನಮ್ಮಲ್ಲಿ ಆ ದೃಶ್ಯ ಮದುವೆಯದಾಗಬೇಕಿಲ್ಲ. ಗೆಳತಿ ಎರಡು ವಾರದಿಂದ ಶಾಲೆಗೆ ಬಂದಿಲ್ಲ, ಅವಳ ಮನೆಗೆ ನಾಲ್ಕು ಗೆಳತಿಯರು ಹೋಗಿದ್ದಾರೆ, ಬಾಗಿಲಲ್ಲಿ ಅವಳ ಅಜ್ಜಿ ನಿಂತಿದ್ದಾಳೆ. ಅಷ್ಟೇ. ಅಜ್ಜಿಗೆ ಏನು ಹೇಳುತ್ತೀರಿ? ಒಂದು ಗುಂಪು ಸೋತರೆ ಇನ್ನೊಂದು ಬರಲಿ. ಅಜ್ಜಿಯ ಪಾರ್ಟಿಗೆ ಶಿಕ್ಷಕಿಯೇ ನಿಲ್ಲಬೇಕು, ಮತ್ತು ಸುಲಭಕ್ಕೆ ಸೋಲಬಾರದು. ಕೊನೆಗೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಊರ ಹೆಸರು, ವಿಷಯ ಸ್ಪಷ್ಟವಾಗಿ ಹೇಳುವುದನ್ನೂ ಆಡಿಸಿ. ಗಾಬರಿಯಲ್ಲಿ ಮಾತು ಹೊರಡದಿರುವುದು ಮಕ್ಕಳಿಗೆ ಸಹಜ; ಒಮ್ಮೆ ಆಡಿದ್ದರೆ ಹೊರಡುತ್ತದೆ.

ಆಟ ಮುಗಿದ ಮೇಲೆ ಪಾರ್ಟು ಇಳಿಸುವುದನ್ನು ಮರೆಯಬೇಡಿ. ಎಲ್ಲರೂ ತಮ್ಮ ಹೆಸರು ಹೇಳಿ, ನಾನು ಈಗ ಆ ರೈತನಲ್ಲ ಎಂದು ಕೂತುಕೊಳ್ಳಲಿ. ಕಾಲುವೆಯ ಜಗಳ ಆಟದ ಬಯಲಿಗೆ ಹೋಗಬಾರದು.

ಇಷ್ಟು ಹೇಳಿದ ಮೇಲೆ ಮುಖ್ಯ ಗುರುಗಳ ಪ್ರಶ್ನೆ ಇದ್ದೇ ಇದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯಕ್ಕೇ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಕೊನೆಯ ಸ್ಥಾನ. ಶಿಕ್ಷಕರ ಹುದ್ದೆ ಖಾಲಿ, ಅತಿಥಿ ಶಿಕ್ಷಕರ ಮೇಲೆ ಶಾಲೆ ನಡೆದಿದೆ. ಇಂಥಲ್ಲಿ ನಾಟಕದ ಮಾತೇ? ನಾಟಕ ಆಡಿಸಿದರೆ ಫಲಿತಾಂಶ ಏರುತ್ತದೆ ಎಂದು ನಾನು ಹೇಳಲಾರೆ. ಹಾಗೆ ಹೇಳುವವರನ್ನು ನಂಬಲೂ ಬೇಡಿ. ಆದರೆ ಎರಡು ಸಂಗತಿ ನೋಡಿ. ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಹೆಚ್ಚಾಗಿ ಬಿಟ್ಟುಬರುವುದು ಸ್ವಂತ ವಾಕ್ಯದಲ್ಲಿ ಬರೆಯಬೇಕಾದ ಪ್ರಶ್ನೆಗಳನ್ನು. ಎಂಟು ವರ್ಷ ಶಾಲೆಯಲ್ಲಿ ಸ್ವಂತ ವಾಕ್ಯವನ್ನೇ ಆಡದ ಮಗು ಹತ್ತನೆಯ ವರ್ಷ ಅದನ್ನು ಎಲ್ಲಿಂದ ತರಬೇಕು? ಇನ್ನೊಂದು, ಇದಕ್ಕೆ ಬೇರೆ ಸಮಯ ಬೇಡ. ತಿಂಗಳಿಗೆ ಎರಡು ಪಾಠ ಆರಿಸಿಕೊಳ್ಳಿ, ಪ್ರತಿಯೊಂದಕ್ಕೂ ಅರ್ಧ ಪೀರಿಯಡ್. ಆಯಾ ಪಾಠದಲ್ಲಿ ಯಾರಾದರೂ ಏನನ್ನಾದರೂ ನಿರ್ಧರಿಸಬೇಕಾದ ಒಂದು ಗಳಿಗೆ ಇರುತ್ತದೆ, ಅದನ್ನು ಹುಡುಕಿ. ಗೋವಿನ ಹಾಡಿನಲ್ಲಿ ಹುಲಿ ಬಾಯಿಬಿಟ್ಟು ಹೇಳದ ಮಾತು ಬಹಳ ಇದೆ, ಹುಲಿಯನ್ನು ಕುರ್ಚಿಗೆ ಕೂರಿಸಿ. ಅಂಥ ಗಳಿಗೆ ಇಲ್ಲದ ಪಾಠವನ್ನು ನಾಟಕ ಮಾಡಬೇಡಿ. ಬೆಳಕಿನ ವಕ್ರೀಭವನಕ್ಕೆ ಪಾರ್ಟು ಹಾಕಿಸುವುದನ್ನು ನಾನು ನೋಡಿದ್ದೇನೆ. ಒಂದು ಲೋಟ ನೀರು, ಒಂದು ಪೆನ್ಸಿಲ್ ಸಾಕಿತ್ತು.

ಗದ್ದಲವಾಗುತ್ತದೆ, ಪಕ್ಕದ ಕೋಣೆಯವರು ಬೈಯುತ್ತಾರೆ. ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ.

ಕೊನೆಯದಾಗಿ ದತ್ತಿ ಇಟ್ಟ ಮನೆತನದ ಹಿರಿಯರಿಗೆ ಒಂದು ವಿನಂತಿ. ಬರುವ ವರ್ಷದಿಂದ ಈ ಹಣದ ಬಡ್ಡಿಯಲ್ಲಿ ತಾಲ್ಲೂಕು ಮಟ್ಟದ ಮಕ್ಕಳ ನಾಟಕ ಸ್ಪರ್ಧೆ ಇಡುವ ಯೋಚನೆ ಇದೆ ಎಂದು ಈಗಷ್ಟೇ ಅಧ್ಯಕ್ಷರು ಹೇಳಿದರು. ದಯವಿಟ್ಟು ಬೇಡ. ಸ್ಪರ್ಧೆಗೆ ಪ್ರತಿಭಾ ಕಾರಂಜಿ ಇದೆ, ಸಾಕು. ಸ್ಪರ್ಧೆ ಎಂದ ಕೂಡಲೇ ಮಾಸ್ತರು ಮತ್ತೆ ರಾತ್ರಿ ಕೂತು ಸಂಭಾಷಣೆ ಬರೆಯುತ್ತಾರೆ, ಎತ್ತರದ ಹುಡುಗ ಮತ್ತೆ ರಾಜನಾಗುತ್ತಾನೆ. ಅದರ ಬದಲು ಆ ಹಣದಲ್ಲಿ ಕಾಗದ ಅಚ್ಚು ಹಾಕಿಸಿ ಕೊಡಿ. ಟೇಲರ್ ಸುರಪುರದ ಬಗ್ಗೆ ಬರೆದದ್ದರ ಕನ್ನಡ ಸಾರಾಂಶ ಎರಡು ಪುಟ, ನಮ್ಮ ಹಿರಿಯರು ಹೇಳುವ ಕತೆ ಎರಡು ಪುಟ, ಎಡದಂಡೆ ಕಾಲುವೆಯ ನಕ್ಷೆ, ಒಂದು ಹಂಗಾಮಿನ ವಾರಾಬಂದಿಯ ವೇಳಾಪಟ್ಟಿ. ಹಳೆಯ ದೊಡ್ಡಾಟದ ಭಾಗವತರು ಯಾರಾದರೂ ಇದ್ದರೆ ವರ್ಷಕ್ಕೊಮ್ಮೆ ಅವರನ್ನು ಕರೆಸಿ, ಸಾರಥಿ ಹೇಗೆ ಕೇಳುತ್ತಾನೆ ಎಂದು ಶಿಕ್ಷಕರಿಗೆ ಅರ್ಧ ದಿನ ತೋರಿಸುವಂತೆ ಕೇಳಿಕೊಂಡು, ಅವರಿಗೆ ಒಳ್ಳೆಯ ಸಂಭಾವನೆ ಕೊಡಿ. ನಕ್ಷೆಯನ್ನು ಮಾತ್ರ ದೊಡ್ಡದಾಗಿ ಹಾಕಿಸಿ, ತುದಿಯ ಊರುಗಳ ಹೆಸರು ಹಿಂದಿನ ಬೆಂಚಿನವರಿಗೂ ಓದಲು ಬರುವಷ್ಟು.